ಎಂಬತ್ತಮೂರರ ಕೆಳಗೆ

ನಮ್ಮ ಓಣಿಯಲ್ಲಿ ಮನುಷ್ಯರಿಗೆ ಜ್ವರ ಬಂದರೆ ಕೇಳುವವರಿಲ್ಲ. ಕಾರ್ಡಿಗೆ ಜ್ವರ ಬಂದರೆ ಎಂಟು ನಿಮಿಷದೊಳಗೆ ಕಂಪನಿಯಿಂದ ಫೋನ್ ಬರುತ್ತದೆ. ಆ ಫೋನ್ ಮಾಡುವವಳು ನಾನೇ.

ನನ್ನ ಹೆಸರು ಶಿವಲೀಲಾ. ರಾಯಚೂರಿನ ಸ್ಟೇಷನ್ ರಸ್ತೆಯ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ, ಮೇ ತಿಂಗಳಲ್ಲೂ ಸ್ವೆಟರ್ ಹಾಕಿಕೊಂಡು ಕೂತು, ನಾಲ್ಕು ಸಾವಿರದ ಇನ್ನೂರು ಮನೆಗಳ ಗ್ರಾಫಿಕ್ಸ್ ಕಾರ್ಡುಗಳು ಎಷ್ಟು ಕಾದಿವೆ ಎಂದು ನೋಡುವುದು ನನ್ನ ಹೊಟ್ಟೆಪಾಡು. ಹೊರಗೆ ನಲವತ್ತೆಂಟು ಡಿಗ್ರಿ, ಒಳಗೆ ಇಪ್ಪತ್ತೆರಡು. ಇದು ನಮ್ಮ ಮೇಲಿನ ಪ್ರೀತಿಗಲ್ಲ. ಕೋಣೆಯ ತುಂಬ ಯಂತ್ರಗಳಿವೆ, ಅವುಗಳಿಗೆ ಸೆಕೆ ಆಗಬಾರದು.

ಕಾರ್ಡ್ ಎಂದರೇನು ಎಂದು ಈಗ ನಮ್ಮೂರಿನ ಅಜ್ಜಿಯರಿಗೂ ಗೊತ್ತು, ಆದರೂ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಆಟ ಆಡುವಾಗ ಪರದೆಯ ಮೇಲೆ ಬೆಟ್ಟ, ರಸ್ತೆ, ನೀರು, ಹೊಗೆ ಕಾಣುತ್ತವಲ್ಲ, ಅವನ್ನೆಲ್ಲ ಕ್ಷಣಕ್ಕೆ ನೂರಾರು ಸಲ ಬಿಡಿಸಿ ಕೊಡುವ ಹಲಗೆ ಅದು. ಬಿಡಿಸಿದಷ್ಟೂ ಕಾಯುತ್ತದೆ. ಸುಮ್ಮನಿದ್ದಾಗ ಐವತ್ತು ಡಿಗ್ರಿ ಆಸುಪಾಸು, ಭಾರದ ಆಟ ಆಡುವಾಗ ಎಪ್ಪತ್ತು, ಎಂಬತ್ತು. ಎಂಬತ್ತಮೂರರವರೆಗೆ ಭಯವಿಲ್ಲ. ಅದರ ಮೇಲೆ ಹತ್ತು ನಿಮಿಷ ನಿಂತರೆ ಹಲಗೆಯ ಆಯುಷ್ಯ ಕಡಿಮೆಯಾಗುತ್ತದೆ, ಹಾಗಾಗಿ ಅದು ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮರುದಿನ ಕಂಪನಿಯವರು ಬಂದು ಬಿಚ್ಚಿಕೊಂಡು ಹೋಗುತ್ತಾರೆ.

ಲೆಕ್ಕಯಂತ್ರಗಳನ್ನು ತುಂಬಿದ ದೊಡ್ಡ ದೊಡ್ಡ ಕಟ್ಟಡಗಳು ಒಂದು ಕಾಲಕ್ಕೆ ಇದ್ದವು. ಅವುಗಳನ್ನು ತಣ್ಣಗಿಡಲು ನದಿಯ ನೀರು ಸುರಿಯುತ್ತಿದ್ದರು. ಕೃಷ್ಣೆಯಲ್ಲಿ ಕುಡಿಯಲಿಕ್ಕೇ ನೀರು ಸಾಲದಾದಾಗ ಸರಕಾರ ಅವುಗಳಿಗೆ ಬೀಗ ಹಾಕಿತು. ಆಗ ಕಂಪನಿ ಒಂದು ಉಪಾಯ ಮಾಡಿತು. ಕಟ್ಟಡ ಬೇಡ, ಕಾರ್ಡುಗಳನ್ನು ಮನೆಗೊಂದರಂತೆ ಹಂಚೋಣ, ಅವುಗಳ ಬಿಸಿಯನ್ನು ಜನ ನೋಡಿಕೊಳ್ಳಲಿ. ಮನೆಗೆ ಒಂದು ಕಂಪ್ಯೂಟರ್, ಆಡಲು ಬೇಕಾದಷ್ಟು ಆಟ, ಒಂದು ಏಸಿ, ಆ ಒಂದು ಕೋಣೆಗೆ ಮಾತ್ರ ಕಡಿತವಿಲ್ಲದ ಕರೆಂಟು. ರಾತ್ರಿ ಕಾರ್ಡ್ ಕಂಪನಿಯ ಲೆಕ್ಕ ಮಾಡುತ್ತದೆ, ಹಗಲು ಮನೆಯವರು ಆಡಿಕೊಳ್ಳಬಹುದು. ಊರಿಗೆಲ್ಲ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಕರೆಂಟಿಲ್ಲದ ಕಾಲದಲ್ಲಿ ಇದನ್ನು ಬೇಡ ಎನ್ನುವವರು ಯಾರು? ನಮ್ಮ ಕಲ್ಲುಬಾವಿ ಓಣಿಯಲ್ಲಿ ಕಾರ್ಡ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ನಾನು ಕಂಪನಿಯಲ್ಲಿ ಕೆಲಸಕ್ಕಿದ್ದೆ ಎಂಬ ಕಾರಣಕ್ಕೆ ಸಿಕ್ಕಿತ್ತು.

ಆ ಏಸಿಯಲ್ಲಿ ಒಂದು ಗುಟ್ಟಿತ್ತು. ಅದು ಕೋಣೆಯ ಬಿಸಿ ನೋಡಿ ಕೆಲಸ ಮಾಡುವುದಿಲ್ಲ, ಕಾರ್ಡಿನ ಬಿಸಿ ನೋಡಿ ಕೆಲಸ ಮಾಡುತ್ತದೆ. ಕಾರ್ಡ್ ಎಪ್ಪತ್ತೈದು ದಾಟಿದರೆ ಪೂರ್ತಿ ತಂಪು ಬಿಡುತ್ತದೆ. ಅರವತ್ತರಿಂದ ಎಪ್ಪತ್ತೈದರವರೆಗೆ ಅರ್ಧ. ಅರವತ್ತಕ್ಕಿಂತ ಕೆಳಗೆ ಬಂದರೆ ತಂಪು ನಿಲ್ಲಿಸಿ ಬರೀ ಗಾಳಿ ಬೀಸುತ್ತದೆ. ಕಾರ್ಡ್ ತಣ್ಣಗಿದ್ದ ಮೇಲೆ ಕರೆಂಟು ಯಾಕೆ ಸುಡಬೇಕು ಎಂಬುದು ಅದನ್ನು ಮಾಡಿದವರ ತರ್ಕ. ಅದೇ ಕೋಣೆಯಲ್ಲಿ ಮನುಷ್ಯರೂ ಇರಬಹುದು ಎಂಬುದು ಅವರ ತರ್ಕದಲ್ಲಿ ಎಲ್ಲೂ ಬಂದಿರಲಿಲ್ಲ.

ಇದನ್ನು ಮನೆಯವರಿಗೆ ಹೇಳಬಾರದು ಎಂದು ಕೆಲಸಕ್ಕೆ ಸೇರುವಾಗಲೇ ನಮ್ಮಿಂದ ಸಹಿ ಹಾಕಿಸಿಕೊಂಡಿದ್ದರು. ಗೊತ್ತಾದರೆ ಜನ ಬೇಕೆಂದೇ ಕಾರ್ಡ್ ಕಾಯಿಸುತ್ತಾರೆ ಎಂಬ ಹೆದರಿಕೆ. ಹೇಳಿದವರ ಕೆಲಸ ಹೋಗುತ್ತದೆ. ನನ್ನ ಕೆಲಸ ಹೋದರೆ ಮನೆಯ ಕಾರ್ಡ್ ಹೋಗುತ್ತದೆ, ಅದರ ಹಿಂದೆ ಏಸಿಯೂ ಹೋಗುತ್ತದೆ. ನಾನು ಸಹಿ ಹಾಕಿದೆ.

ಮನೆಯಲ್ಲಿ ನಾವಿಬ್ಬರೇ, ಅತ್ತೆ ಮತ್ತು ನಾನು. ಅತ್ತೆಯ ಹೆಸರು ಶಂಕ್ರಮ್ಮ. ಎಪ್ಪತ್ತೊಂದು ವರ್ಷ, ಗಟ್ಟಿ ದನಿ. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ನಾನು ಅವಳಿಗೆ ಒಂದು ವಿಷಯ ಹೇಳಿದರೆ ಮಧ್ಯಾಹ್ನದೊಳಗೆ ಅದು ನಾಲ್ಕು ಓಣಿ ಸುತ್ತಿ ನನ್ನ ಕಿವಿಗೇ ಬಂದು ಬೀಳುತ್ತಿತ್ತು. ನನ್ನ ಗಂಡ ವೀರೇಶ ಆರು ವರ್ಷದ ಹಿಂದೆ ಬಿಸಿಲು ಬಡಿದು ತೀರಿಕೊಂಡ. ಕಂಬದ ಮೇಲೆ ತಂತಿ ಕಟ್ಟಲು ಹೋದವನನ್ನು ಮೈ ಸುಡುತ್ತಿದ್ದಾಗ ಮನೆಗೆ ಹೊತ್ತು ತಂದರು. ಅತ್ತೆ ರಾತ್ರಿಯೆಲ್ಲ ಅವನ ಹಣೆಗೆ ಒದ್ದೆ ಬಟ್ಟೆ ಹಾಕಿದಳು, ಒಣಗಿದ ಹಾಗೆಲ್ಲ ಬದಲಿಸಿದಳು. ಬೆಳಗಿನ ಜಾವ ಅವಳಿಗೆ ಒಂದು ಸಣ್ಣ ಜೊಂಪು ಹತ್ತಿತು. ಕಣ್ಣು ಬಿಟ್ಟಾಗ ಬಟ್ಟೆ ಒಣಗಿತ್ತು, ಮಗ ಇರಲಿಲ್ಲ. ಅದು ಬಟ್ಟೆಯ ತಪ್ಪಲ್ಲ ಎಂದು ಡಾಕ್ಟರು ಹೇಳಿದರು, ನಾನೂ ಹೇಳಿದೆ. ಅವಳು ನಂಬಲೇ ಇಲ್ಲ.

ಆಟ ಆಡಿದರೆ ಕೋಣೆ ತಂಪಾಗುತ್ತದೆ ಎಂಬುದನ್ನು ನಮ್ಮ ಓಣಿ ತಾನಾಗಿಯೇ ಕಂಡುಹಿಡಿಯಿತು. ಕಂಡುಹಿಡಿದವನು ಮಾಬುಸಾಬ. ನಲವತ್ತು ವರ್ಷ ಆಟೋ ಓಡಿಸಿ, ಮೊಣಕಾಲು ಹೋಗಿ ಮನೆಯಲ್ಲಿ ಕೂತವನು. ಒಂದು ದಿನ ಕೊತ್ತಂಬರಿ ಕೊಡಲು ಬಂದವನು ನಮ್ಮ ಕಂಪ್ಯೂಟರಿನಲ್ಲಿ ಗಾಡಿ ಓಡಿಸುವ ಆಟ ಕಂಡು ಅಲ್ಲೇ ಕೂತುಬಿಟ್ಟ. ಅದು ಹಿಮದ ಘಾಟಿನಲ್ಲಿ ಗಾಡಿ ಇಳಿಸುವ ಆಟ. ಬೀಳುವ ಹಿಮದ ಒಂದೊಂದು ಚೂರನ್ನೂ ಕಾರ್ಡ್ ಬೇರೆ ಬೇರೆಯಾಗಿ ಬಿಡಿಸಬೇಕು. ನಮ್ಮಲ್ಲಿದ್ದ ಆಟಗಳಲ್ಲಿ ಅದರಷ್ಟು ಕಾರ್ಡ್ ಕಾಯಿಸುವ ಆಟ ಇನ್ನೊಂದಿರಲಿಲ್ಲ. ಕಾಲು ಗಂಟೆಯಲ್ಲಿ ಎಪ್ಪತ್ತೆಂಟು ಮುಟ್ಟಿತು, ಏಸಿ ಪೂರ್ತಿ ತಂಪು ಬಿಟ್ಟಿತು.

"ಅಕ್ಕಾ, ನೋಡ್ರಿ, ಬರ್ಫ್ ಬಿದ್ದಂಗ ಖರೇನ ತಂಪ ಬರಾಕತ್ತೇತಿ," ಎಂದನಂತೆ ಮಾಬುಸಾಬ.

"ಹೌದೋ! ಅಂಗಾದ್ರ ನೀ ಏಳಬ್ಯಾಡ," ಎಂದಳಂತೆ ಅತ್ತೆ.

ಆಮೇಲೆ ಕೇಳಬೇಕೆ? ಪಕ್ಕದ ಮನೆಯ ರುದ್ರಮುನಿ ಮಾಸ್ತರರು ಬಂದರು. ಹೂ ಮಾರುವ ತಾಯಮ್ಮ ಬಂದಳು, ಬುಟ್ಟಿಯ ಮಲ್ಲಿಗೆಯೂ ಬಾಡದೆ ಉಳಿಯಿತು. ಬಾಗಿಲಿಗೆ ಬಂದವರನ್ನು "ಒಳಗ ಬರ್ರಿ" ಎನ್ನದೆ ಕಳಿಸುವುದು ಅತ್ತೆಯ ಜಾಯಮಾನದಲ್ಲೇ ಇರಲಿಲ್ಲ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆ. ಹನ್ನೊಂದು ಗಂಟೆಗೆ ಓಣಿಯ ಮುದುಕ ಮುದುಕಿಯರು ಚಾಪೆ ಹಿಡಿದುಕೊಂಡು ಬಂದು, ಗೋಡೆಗೆ ಒರಗಿ ಕೂತು, ನಾಲ್ಕರವರೆಗೆ ಹಿಮ ಬೀಳುವುದನ್ನು ನೋಡುತ್ತಿದ್ದರು. ತಂಪು ಸೋರದಂತೆ ಬಾಗಿಲ ಕೆಳಗಿನ ಸಂದಿಗೆ ಅತ್ತೆ ಗೋಣಿ ತುರುಕುತ್ತಿದ್ದಳು.

ಕಾರಣ ಏನೆಂದು ಅವರು ತಮ್ಮ ತಮ್ಮಲ್ಲೇ ವಾದ ಮಾಡಿದರು. ಆಟ ಆಡಿದರೆ ಕಂಪನಿಗೆ ಖುಷಿಯಾಗುತ್ತದೆ, ಅದಕ್ಕೆ ತಂಪು ಕೊಡುತ್ತಾರೆ ಎಂಬುದು ತಾಯಮ್ಮನ ವಾದ. ಮಾಸ್ತರರು ಬೇರೇನೋ ಇರಬೇಕು ಎಂದು ನನ್ನ ಮುಖ ನೋಡುತ್ತಿದ್ದರು. ನಾನು ಮುಖ ತಿರುಗಿಸುತ್ತಿದ್ದೆ. ಅತ್ತೆಗೆ ನಾನು ಹೇಳಿದ್ದು ಅರ್ಧ ಮಾತು ಮಾತ್ರ. ಕಂಪ್ಯೂಟರ್ ಡಬ್ಬಿಯ ಮೇಲೆ ಕಾರ್ಡಿನ ಬಿಸಿ ತೋರಿಸುವ ಅಂಕಿ ಇತ್ತು. ಅದನ್ನು ತೋರಿಸಿ, "ಅತ್ತೀ, ಇದು ಎಂಬತ್ತಮೂರು ದಾಟಬಾರದು. ದಾಟಿದ್ರ ಕಾರ್ಡ್ ಸಾಯ್ತೇತಿ, ಕಂಪನಿಯವ್ರು ಒಯ್ತಾರ," ಎಂದಿದ್ದೆ.

"ಅಂದ್ರ ಅದಕ್ಕ ಜ್ವರ ಬರ್ತಾವೇನು?"

"ಹೂಂ ರೀ. ಜ್ವರ ಅಂತ ತಿಳೀರಿ."

ಅರವತ್ತರ ಮಾತು ಎತ್ತಲಿಲ್ಲ. ಅಂದು ಸಂಜೆ ಒಂದು ನಿಮಿಷ ಹೆಚ್ಚು ಮಾತಾಡಿದ್ದರೆ ಸಾಕಿತ್ತು. ನಾನು ಎದ್ದು ರೊಟ್ಟಿಗೆ ಹಿಟ್ಟು ನಾದಲು ಹೋದೆ.

ಆ ದಿನ ಮೇ ಹತ್ತೊಂಬತ್ತು. ಹೊರಗೆ ನಲವತ್ತೊಂಬತ್ತೂವರೆ ಡಿಗ್ರಿ.

ನಮ್ಮ ಕಂಟ್ರೋಲ್ ರೂಮಿನ ಪರದೆಯಲ್ಲಿ ಎಲ್ಲ ಮನೆಗಳೂ ಕಾಣುವುದಿಲ್ಲ. ನಾಲ್ಕು ಸಾವಿರ ಅಂಕಿಗಳನ್ನು ಯಾವ ಕಣ್ಣು ನೋಡೀತು? ಎಂಬತ್ತು ದಾಟಿದ ಮನೆ ಹಳದಿಯಾಗಿ ಬರುತ್ತದೆ, ಎಂಬತ್ತಮೂರು ದಾಟಿದ್ದು ಕೆಂಪಾಗಿ ಮೇಲಕ್ಕೇರುತ್ತದೆ. ತಣ್ಣಗಾದ ಮನೆ ಹಸಿರಾಗಿ, ಒಂದು ಸಲ ಮಿಣುಕಿ, ಪರದೆಯಿಂದ ಮರೆಯಾಗುತ್ತದೆ. ನಮ್ಮ ಮೊಬೈಲುಗಳನ್ನು ಬಾಗಿಲಾಚೆಯ ಪೆಟ್ಟಿಗೆಯಲ್ಲಿ ಇಟ್ಟು ಬರಬೇಕು. ಮಾತಾಡುವುದೇನಿದ್ದರೂ ಮೇಜಿನ ಫೋನಿನಲ್ಲಿ, ಅದರಲ್ಲಿ ಆಡಿದ ಪ್ರತಿ ಮಾತೂ ದಾಖಲಾಗುತ್ತದೆ. ಆ ಫೋನಿಗೆ ಹೊರಗಿನಿಂದ ಕರೆ ಬರುವುದಿಲ್ಲ.

ಹನ್ನೆರಡೂ ಇಪ್ಪತ್ತಕ್ಕೆ 2716 ಕೆಂಪಾಯಿತು. ಅದು ನಮ್ಮ ಮನೆ.

ನನ್ನ ಹಿಂದೆ ಮೇಲ್ವಿಚಾರಕ ಅನಂತಶಯನ ನಿಂತಿದ್ದರು. ಮೈಸೂರಿನ ಕಡೆಯವರು, ಕೆಟ್ಟವರಲ್ಲ. "ಏನಮ್ಮ ಶಿವಲೀಲಾ, ನಿಮ್ಮ ಮನೆಯದೇ ಎಂಬತ್ತಾರು ತೋರಿಸ್ತಿದೆಯಲ್ಲ? ನಮ್ಮ ಸಿಬ್ಬಂದಿ ಮನೆಯ ಕಾರ್ಡೇ ಹೋದರೆ ನಾನು ಮೇಲಿನವರಿಗೆ ಏನು ಹೇಳಲಿ?" ಎಂದರು.

ಏನಾಗಿದೆ ಎಂದು ನನಗೆ ಅಂಕಿ ನೋಡಿಯೇ ತಿಳಿಯಿತು. ಒಬ್ಬ ಮನುಷ್ಯ ಸುಮ್ಮನೆ ಕೂತರೂ ಹಳೆಯ ಕಾಲದ ನೂರು ಕ್ಯಾಂಡಲ್ ಬಲ್ಬಿನಷ್ಟು ಬಿಸಿ ಬಿಡುತ್ತಾನೆ. ದಿನಾ ಏಳೆಂಟು ಜನ ಇರುತ್ತಿದ್ದರು, ಇವತ್ತು ಸೆಕೆ ತಾಳದೆ ಇನ್ನೂ ಹೆಚ್ಚು ಸೇರಿರಬೇಕು. ಹನ್ನೊಂದು ಜನ ಇದ್ದರೆಂದು ಆಮೇಲೆ ತಿಳಿಯಿತು. ಕಂಪನಿ ಲೈನಿನ ಕರೆಂಟೂ ಸೊರಗಿತ್ತು, ಏಸಿಗೆ ತ್ರಾಣ ಸಾಲದು. ಅದರ ಮೇಲೆ ಮಾಬುಸಾಬ ಘಾಟಿನಲ್ಲಿ ಜೋರಾಗಿ ಗಾಡಿ ಬಿಟ್ಟಿದ್ದ. ಆಟ ಹತ್ತು ನಿಮಿಷ ನಿಲ್ಲಿಸಿದರೆ ಕಾರ್ಡ್ ಇಳಿಯುತ್ತದೆ. ಅರವತ್ತಕ್ಕಿಂತ ಕೆಳಗೆ ಹೋದರೆ ಏಸಿ ನಿಲ್ಲುತ್ತದೆ, ಕೋಣೆ ಕಾಯುತ್ತದೆ. ಕೋಣೆ ಕಾದರೆ ಕಾರ್ಡೂ ಕಾದು ಮತ್ತೆ ಅರವತ್ತು ದಾಟುತ್ತದೆ, ಏಸಿ ತಾನಾಗಿ ಶುರುವಾಗುತ್ತದೆ. ಹಾಗಾಗಿ ನನಗೆ ಗಾಬರಿಯಾಗಲಿಲ್ಲ. ಫೋನ್ ತೆಗೆದುಕೊಂಡೆ.

"ಅತ್ತೀ, ನಾನ್ರೀ, ಲೀಲಾ. ಕಾರ್ಡ್ ಎಂಬತ್ತಾರಕ್ಕ ಹೋಗೇತಿ. ಆಟ ನಿಲ್ಲಸ್ರಿ."

"ಮಾಬು ಇನ್ನಾ ಅರ್ಧ ಘಾಟ್ನಾಗ ಅದಾನವಾ. ಎಲ್ಲಾರೂ ನೋಡಾಕತ್ತಾರ."

"ನಿಲ್ಲಸ್ರಿ ಅಂದ್ರ ನಿಲ್ಲಸ್ರಿ. ಹೆಂಗಾರ ಮಾಡಿ ಅದನ್ನ ತಂಪ ಮಾಡ್ರಿ. ನಾ ಮತ್ತ ಫೋನ್ ಹಚ್ಚತೀನಿ. ನಾ ಹೇಳೂ ತನಕ ಆಟ ಚಾಲೂ ಮಾಡಬ್ಯಾಡ್ರಿ."

"ಆತವಾ. ನೀ ಚಿಂತಿ ಮಾಡಬ್ಯಾಡ, ನಾ ನೋಡ್ಕೋತೀನಿ."

ಎಂಬತ್ತಾರು ಎಂಬತ್ತೊಂದಾಯಿತು. ಎಪ್ಪತ್ತೆರಡಾಯಿತು. ಹಸಿರಾಗಿ ಮಿಣುಕಿ ಪರದೆಯಿಂದ ಹೋಯಿತು. "ಶಹಭಾಷ್," ಎಂದರು ಅನಂತಶಯನ. ನನಗೂ ಒಂದು ತಲೆನೋವು ಕಳೆದಂತಾಯಿತು. ಕಾಲು ಗಂಟೆ ಬಿಟ್ಟು ಫೋನ್ ಮಾಡಬೇಕು ಎಂದು ಅಂಗೈ ಮೇಲೆ ಪೆನ್ನಿನಲ್ಲಿ ಒಂದು ಗೀಟು ಹಾಕಿಕೊಂಡೆ.

ಒಂದು ಗಂಟೆಗೆ ಹತ್ತು ನಿಮಿಷವಿರುವಾಗ ಊರಿನ ಉತ್ತರ ಭಾಗದ ಟ್ರಾನ್ಸ್‌ಫಾರ್ಮರ್ ಒಂದು ಸುಟ್ಟುಹೋಯಿತು. ಅಲ್ಲಿನ ಏಸಿಗಳು ನಿಂತವು, ಕಾರ್ಡುಗಳು ಮಾತ್ರ ಬ್ಯಾಟರಿಯಲ್ಲಿ ನಡೆಯುತ್ತಿದ್ದವು. ಮುನ್ನೂರ ಹತ್ತು ಮನೆಗಳು ಒಟ್ಟಿಗೆ ಕೆಂಪಾದವು. ನಾವು ಕೋಣೆಯಲ್ಲಿದ್ದವರು ನಾಲ್ಕು ಜನ. ಒಂದಾದ ಮೇಲೊಂದು ಫೋನ್. ನಿಲ್ಲಿಸಿ, ಮುಚ್ಚಿ, ಕಿಟಕಿ ತೆಗೆಯಬೇಡಿ, ಡಬ್ಬಿ ಮುಟ್ಟಬೇಡಿ. ಒಬ್ಬಾಕೆ ನನ್ನ ಕೂಸಿಗೆ ಮೈ ಸುಡುತ್ತಿದೆ ಎಂದಳು. ಕಾರ್ಡ್ ಎಷ್ಟಿದೆ ಎಂದು ಕೇಳಿದೆ. ಹೌದು, ಹಾಗೇ ಕೇಳಿದೆ. ಆ ಮಾತು ಅವರ ದಾಖಲೆಯಲ್ಲಿ ಈಗಲೂ ಇರಬೇಕು.

ಮೂರೂ ನಲವತ್ತಕ್ಕೆ ಉಸಿರು ಬಿಟ್ಟು, ನೀರಿನ ಬಾಟಲಿ ಎತ್ತಿದಾಗ ಅಂಗೈಯ ಗೀಟು ಕಂಡಿತು.

2716 ಎಂದು ಹುಡುಕಿದೆ. ಐವತ್ತೇಳು ತೋರಿಸಿತು. ಒಳ್ಳೆಯದೇ ಎಂದುಕೊಂಡೆ. ಆಮೇಲೆ ಹಿಂದಿನ ಮೂರು ಗಂಟೆಗಳ ಗೆರೆ ತೆಗೆದು ನೋಡಿದೆ.

ಸುಮ್ಮನಿರುವ ಕಾರ್ಡಿನ ಗೆರೆ ಏರುತ್ತದೆ, ಇಳಿಯುತ್ತದೆ, ಮಲಗಿದವರ ಎದೆಯ ಹಾಗೆ. ಇದು ನೆಟ್ಟಗಿತ್ತು. ಐವತ್ತಾರು, ಐವತ್ತೇಳು, ಐವತ್ತಾರು, ಐವತ್ತೆಂಟು, ಐವತ್ತೇಳು. ಹನ್ನೆರಡೂ ನಲವತ್ತರಿಂದ ಈಚೆಗೆ ಒಂದು ಸಲವೂ ಅರವತ್ತು ಮುಟ್ಟಿರಲಿಲ್ಲ. ಅಂದರೆ ಪೂರ್ತಿ ಮೂರು ತಾಸಿನಿಂದ ಏಸಿ ತಂಪು ಬಿಟ್ಟಿರಲಿಲ್ಲ. ಬಾಗಿಲ ಸಂದಿಗೆ ಗೋಣಿ ತುರುಕಿದ ಕೋಣೆ, ಒಳಗೆ ಓಣಿಯ ಮುದುಕರೆಲ್ಲ. ಕೋಣೆ ಕಾದೇ ಕಾದಿರಬೇಕು. ಮತ್ತೆ ಕಾರ್ಡ್ ಯಾಕೆ ಕಾಯಲಿಲ್ಲ? ಯಾರು ಅದನ್ನು ತಣ್ಣಗೆ ಹಿಡಿದಿದ್ದಾರೆ?

ಫೋನ್ ಮಾಡಿದೆ. ಗಂಟೆ ಬಾರಿಸಿ ಬಾರಿಸಿ ನಿಂತಿತು. ಇನ್ನೊಮ್ಮೆ ಮಾಡಿದೆ.

"ಶಿವಲೀಲಾ, ಶಿಫ್ಟ್ ಇನ್ನೂ ಮುಗಿದಿಲ್ಲಮ್ಮ," ಎಂದು ಅನಂತಶಯನ ಹಿಂದಿನಿಂದ ಕೂಗುತ್ತಿದ್ದರು. ನಾನಾಗಲೇ ಬಾಗಿಲಲ್ಲಿದ್ದೆ. ಪೆಟ್ಟಿಗೆಯಿಂದ ಮೊಬೈಲ್ ತೆಗೆದರೆ ಅತ್ತೆಯ ಮೂರು ಕರೆಗಳು ಬಂದು ಹೋಗಿದ್ದವು. ಒಂದೂ ಹದಿನೈದಕ್ಕೆ ಒಂದು, ಒಂದೂ ಐವತ್ತಕ್ಕೆ ಒಂದು, ಎರಡೂವರೆಗೆ ಒಂದು. ಆಮೇಲೆ ಇಲ್ಲ.

ಬಾಗಿಲು ಒಳಗಿನಿಂದ ಚಿಲಕ ಹಾಕಿರಲಿಲ್ಲ, ಗೋಣಿ ಒತ್ತಿ ಕೂತಿತ್ತು. ಭುಜ ಕೊಟ್ಟು ದೂಡಿದೆ. ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ ಬರುವಂಥ ಹಬೆ ಮುಖಕ್ಕೆ ಹೊಡೆಯಿತು. ಹೊರಗಿನ ಬಿಸಿಲಿನಿಂದ ಓಡಿ ಬಂದವಳಿಗೇ ಆ ಕೋಣೆ ಇನ್ನೂ ಬಿಸಿ ಎನ್ನಿಸಿತು. ಏಸಿ ತನ್ನ ಪಾಡಿಗೆ ಸುಯ್ ಸುಯ್ ಎಂದು ಬರೀ ಗಾಳಿ ಬೀಸುತ್ತಿತ್ತು. ಆ ಸದ್ದು ಇರುವತನಕ ಅದು ಕೆಲಸ ಮಾಡುತ್ತಿದೆ ಎಂದೇ ಅವರು ತಿಳಿದಿದ್ದರು. ಪರದೆಯ ಮೇಲೆ ಮಾಬುಸಾಬನ ಗಾಡಿ ಅರ್ಧ ಘಾಟಿನಲ್ಲಿ ನಿಂತಿತ್ತು. ಹಿಮದ ಚೂರುಗಳು ಬಿದ್ದಲ್ಲೇ, ಗಾಳಿಯಲ್ಲೇ, ನಿಂತುಬಿಟ್ಟಿದ್ದವು.

ಚಾಪೆಗಳ ಮೇಲೆ ಎಲ್ಲರೂ ಮಲಗಿದ್ದರು. ಕೆಲವರು ಗೊರಕೆಯಂಥ ಸದ್ದು ಮಾಡುತ್ತಿದ್ದರು. ಕೆಲವರು ಮಾಡುತ್ತಿರಲಿಲ್ಲ.

ಅತ್ತೆ ಮಲಗಿರಲಿಲ್ಲ. ಕಂಪ್ಯೂಟರ್ ಡಬ್ಬಿಯ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. ಡಬ್ಬಿ ಗಾಳಿ ಎಳೆದುಕೊಳ್ಳುವ ಜಾಲರಿಯ ಮೇಲೆ ಅವಳ ಹಳೆಯ ಇಳಕಲ್ ಸೀರೆಯ ತುಂಡೊಂದನ್ನು ಹರಡಿ ಹಾಕಿದ್ದಳು. ಅವಳ ಬಲಗೈ ಅದರ ಮೇಲಿತ್ತು. ಪಕ್ಕದಲ್ಲಿ ಕುಡಿಯುವ ನೀರಿನ ಕೊಡ, ತಳದಲ್ಲಿ ಒಂದು ಹಿಡಿ ನೀರು. ಅವಳ ಕೈ ತೆಗೆದು ನನ್ನ ಕೈ ಇಟ್ಟೆ. ಬಟ್ಟೆ ಇನ್ನೂ ಒದ್ದೆ ಇತ್ತು.

ಅದನ್ನು ಎಳೆದು ಎಸೆದೆ. ಡಬ್ಬಿಯ ಮೇಲಿನ ಅಂಕಿ ಐವತ್ತೇಳರಿಂದ ಐವತ್ತೊಂಬತ್ತಾಯಿತು, ಅರವತ್ತಾಯಿತು, ಅರವತ್ತೊಂದಾಯಿತು. ಟಕ್ ಎಂದು ಏಸಿ ಶುರುವಾಗಿ ತಣ್ಣನೆಯ ಗಾಳಿ ಬಂತು. ನಾನು ಅತ್ತೆಯ ಕೆನ್ನೆ ತಟ್ಟುತ್ತ, "ಅತ್ತೀ, ತಂಪ ಬಂತ್ರೀ, ಕಣ್ಣು ತೆರೀರಿ, ತಂಪ ಬಂತು," ಎನ್ನುತ್ತಿದ್ದೆನಂತೆ. ನೆರೆಯವರು ಬಂದು ನನ್ನನ್ನು ಎಬ್ಬಿಸಿದರು.

ಅತ್ತೆ, ರುದ್ರಮುನಿ ಮಾಸ್ತರರು, ತಾಯಮ್ಮ. ಮೂವರು ಹೋದರು. ಉಳಿದ ಎಂಟು ಜನ ಆಸ್ಪತ್ರೆಯಲ್ಲಿ ಒಂದೊಂದಾಗಿ ಕಣ್ಣು ಬಿಟ್ಟರು. ಮಾಬುಸಾಬ ಕಣ್ಣು ಬಿಟ್ಟದ್ದು ಮೂರನೆಯ ದಿನ. ಅವನಿಂದಲೇ ನನಗೆ ಉಳಿದದ್ದೆಲ್ಲ ತಿಳಿಯಿತು.

"ನೀ ಫೋನ್ ಇಟ್ಟಿ ನೋಡು ಬೇಟಾ, ಅಕ್ಕ ಟ್ರಂಕ್ ತೆಗದು ಸೀರಿ ಹರದ್ರು," ಎಂದ. ದನಿ ಒಣಗಿತ್ತು. "ಜ್ವರ ಬಂದಾವ, ಪಟ್ಟಿ ಹಾಕಬೇಕು ಅಂದ್ರು. ಪಟ್ಟಿ ಹಾಕಿದ್ರ ಅಂಕಿ ಇಳೀತು. ಭಾಳ ಖುಷಿ ಆತು ಅವ್ರಿಗೆ. ಅರ್ಧ ತಾಸಿನ ಮ್ಯಾಲ ಸೆಕಿ ಶುರುವಾತು. ನಾ ಅಂದೆ, ಅಕ್ಕಾ, ಗಾಡಿ ಬಿಡ್ತೀನಿ, ಗಾಡಿ ಬಿಟ್ರ ತಂಪ ಬರ್ತೇತಿ. ಸೊಸಿ ಹೇಳಿಲ್ಲ, ಬ್ಯಾಡ ಅಂದ್ರು. ನಿನಗ ಫೋನ್ ಹಚ್ಚಿದ್ರು. ನೀ ಎತ್ತಲಿಲ್ಲ."

"ಹೊರಗರ ಹೋಗಬೇಕಿತ್ತಲ್ರೀ ಕಾಕಾ?"

"ಎಲ್ಲಿಗೆ ಹೋಗೂದವಾ? ಮಾಸ್ತರರು ಒಮ್ಮಿ ಬಾಗಲಾ ತೆಗದು ನೋಡಿ ಮುಚ್ಚಿದ್ರು. ಇಲ್ಲೇ ವಾಸಿ ಅಂದ್ರು. ನೀ ಫೋನ್ ಮಾಡ್ತಿ ಅಂತ ಎಲ್ಲಾರೂ ಕಾಯಕೋತ ಕುಂತಿವಿ." ಅವನು ಲೋಟದಿಂದ ಒಂದು ಗುಟುಕು ನೀರು ಕುಡಿದ. "ಕುಡ್ಯಾ ನೀರ ಪಟ್ಟಿಗೆ ಹಾಕಬ್ಯಾಡ್ರಿ ಅಂತ ತಾಯಮ್ಮ ಜಗಳಾ ಮಾಡಿದ್ಲು. ಅಕ್ಕ ಕೇಳಲಿಲ್ಲ. ಈ ಸಲ ಒಣಗಸಾಂಗಿಲ್ಲ ಅಂದ್ರು. ಅದನ್ನ ನಾಕೈದು ಸಲ ಅಂದ್ರು, ಈ ಸಲ ಒಣಗಸಾಂಗಿಲ್ಲ."

ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಕೋಣೆ ಕಾದಂತೆ ಕಾರ್ಡ್ ಕಾಯಬೇಕಿತ್ತು, ಕಾರ್ಡ್ ಕಾದಂತೆ ಏಸಿ ಬರಬೇಕಿತ್ತು. ಆ ದಡ್ಡ ಯಂತ್ರಕ್ಕೂ ಅವರನ್ನು ಉಳಿಸುವ ದಾರಿ ಗೊತ್ತಿತ್ತು. ಅತ್ತೆ ಒದ್ದೆ ಬಟ್ಟೆ ಹಿಡಿದು ಮೂರು ಗಂಟೆ ಆ ದಾರಿಗೆ ಅಡ್ಡ ಕೂತಳು. ಕೂರಿಸಿದವಳು ನಾನು.

ಐದನೆಯ ದಿನ ಕಂಪನಿಯಿಂದ ಮೊಬೈಲಿಗೆ ಒಂದು ಸಂದೇಶ ಬಂತು. ಯಾರೋ ಕೂತು ಬರೆದದ್ದಲ್ಲ, ಯಂತ್ರ ತಾನಾಗಿ ಎಲ್ಲರಿಗೂ ಕಳಿಸುವಂಥದು. "ಅಭಿನಂದನೆಗಳು! ಮೇ ಹತ್ತೊಂಬತ್ತರಂದು ನಗರದಲ್ಲೇ ಅತ್ಯಂತ ಸ್ಥಿರ ತಾಪಮಾನ ಕಾಯ್ದುಕೊಂಡ ಮನೆ 2716. ನಿಮ್ಮ ಕಾರ್ಡ್ ಸುರಕ್ಷಿತವಾಗಿದೆ." ಜೊತೆಗೆ ಒಂದು ಹಸಿರು ಎಲೆಯ ಚಿತ್ರ.

ಅನಂತಶಯನ ಫೋನ್ ಮಾಡಿ ಕ್ಷಮೆ ಕೇಳಿದರು. ಅವರನ್ನು ನಾನು ಬೈಯಲಿಲ್ಲ. ಅವರೂ ಸಹಿ ಹಾಕಿದವರೇ.

ಅತ್ತೆಯ ಮಣ್ಣಾಗಿ ಒಂಬತ್ತು ದಿನಕ್ಕೆ ಬಿಸಿಲು ಐವತ್ತಕ್ಕೆ ಬಂತು. ಹನ್ನೊಂದು ಗಂಟೆಗೆ ಕರೆಂಟು ಹೋಯಿತು. ಕಾಲು ಗಂಟೆ ಬಿಟ್ಟು ಬಾಗಿಲಲ್ಲಿ ಸಪ್ಪಳವಾಯಿತು. ಓಣಿಯವರು ಚಾಪೆ ಹಿಡಿದುಕೊಂಡು ನಿಂತಿದ್ದರು, ಒಳಗೆ ಬರಲು ಅವರಿಗೂ ಮುಜುಗರ. ಹೋಗಲು ಅವರಿಗೆ ಬೇರೆ ಜಾಗ ಎಲ್ಲಿತ್ತು? ಮುಂದೆ ಮಾಬುಸಾಬ, ಕೋಲು ಊರಿಕೊಂಡು.

"ಒಳಗ ಬರ್ರಿ," ಎಂದೆ. ಅತ್ತೆ ಹೇಳುತ್ತಿದ್ದ ದನಿ ಬರಲಿಲ್ಲ.

ಎಲ್ಲರೂ ಕೂತ ಮೇಲೆ ನಾನು ಸೀಮೆಸುಣ್ಣ ತೆಗೆದುಕೊಂಡು ಡಬ್ಬಿಯ ಮೇಲಿನ ಗೋಡೆಯಲ್ಲಿ ಎರಡು ಗೆರೆ ಎಳೆದೆ. ಮೇಲಿನದಕ್ಕೆ 83 ಎಂದು ಬರೆದೆ, ಕೆಳಗಿನದಕ್ಕೆ 60. "ಮ್ಯಾಲಿನದು ದಾಟಬಾರದು, ಕೆಳಗಿನದಕ್ಕ ಇಳೀಬಾರದು," ಎಂದೆ. ಏಸಿ ಕಾರ್ಡಿನ ಬಿಸಿ ನೋಡಿ ನಡೆಯುತ್ತದೆ, ನಿಮ್ಮ ಬಿಸಿ ನೋಡಿ ಅಲ್ಲ ಎಂದೆ. ಎಲ್ಲವನ್ನೂ ಹೇಳಿದೆ. ಎಲ್ಲರಿಗೂ ಹೇಳಿರಿ, ಬೇರೆ ಓಣಿಯವರಿಗೂ ಹೇಳಿರಿ ಎಂದೆ. ಒಂದು ವಾರದಲ್ಲಿ ಕಂಪನಿಗೆ ಗೊತ್ತಾಗುತ್ತದೆ. ನನ್ನ ಕೆಲಸ ಹೋಗುತ್ತದೆ, ಈ ಕಾರ್ಡ್ ಹೋಗುತ್ತದೆ, ಏಸಿ ಹೋಗುತ್ತದೆ. ಮೇ ಕಳೆದರೂ ಜೂನ್ ಇದೆ, ಮಳೆ ಬರುತ್ತದೆಂದು ಈಗ ಯಾರೂ ಹೇಳುವುದಿಲ್ಲ. ಆಗ ಇವರು ಚಾಪೆ ಹಿಡಿದುಕೊಂಡು ಯಾರ ಬಾಗಿಲಿಗೆ ಹೋಗುತ್ತಾರೆ?

ಮಾಬುಸಾಬ ಬಹಳ ಹೊತ್ತು ಆ ಎರಡು ಗೆರೆಗಳನ್ನು ನೋಡಿದ. ಸಿಟ್ಟಿನಿಂದ ಕೇಳಲಿಲ್ಲ, ಸಿಟ್ಟಿನಿಂದ ಕೇಳಿದ್ದರೆ ಚೆನ್ನಾಗಿತ್ತು.

"ಈ ಕೆಳಗಿನ ಗೆರಿ ಎಳಿಯಾಕ ಎಷ್ಟೊತ್ತು ಹಿಡಿತಿತ್ತು ಬೇಟಾ?"

ನಾನು ಸೀಮೆಸುಣ್ಣ ಕೆಳಗಿಟ್ಟೆ. ಅತ್ತೆ ಕೂತಿದ್ದ ಜಾಗ ಬಿಟ್ಟು ಉಳಿದ ಕಡೆಯೆಲ್ಲ ಜನ ಒತ್ತಿಕೊಂಡು ಕೂತಿದ್ದರು. ಮಾಬುಸಾಬ ಕೋಲನ್ನು ಗೋಡೆಗೆ ಒರಗಿಸಿದ. ನಿಧಾನಕ್ಕೆ ಕುರ್ಚಿಯ ಮೇಲೆ ಕೂತು, ಅರ್ಧ ಘಾಟಿನಲ್ಲಿ ನಿಂತಿದ್ದ ಗಾಡಿಯನ್ನು ಚಾಲೂ ಮಾಡಿದ. ಗಾಳಿಯಲ್ಲಿ ನಿಂತಿದ್ದ ಹಿಮ ಮತ್ತೆ ಬೀಳತೊಡಗಿತು. ಐವತ್ತೆರಡು, ಐವತ್ತಾರು, ಐವತ್ತೊಂಬತ್ತು. ಎಲ್ಲರೂ ಅಂಕಿಯನ್ನೇ ನೋಡುತ್ತಿದ್ದರು. ಅರವತ್ತೊಂದಕ್ಕೆ ಏಸಿ ಟಕ್ ಎಂದು ಶುರುವಾಯಿತು.

ಬೇಕಾಗಿದ್ದದ್ದು ಇಷ್ಟೇ.